ರುದ್ರಯ್ಯನವರು ಹೊದಿಸಿದ ಶಾಲು

ರುದ್ರಯ್ಯನವರು ಬರಿಗೈಯಲ್ಲಿ ಎಲ್ಲಿಗೂ ಹೋದವರಲ್ಲ. ಹಲ್ಲು ಕೀಳಿಸಿಕೊಳ್ಳಲು ಹೋದರೆ ಡಾಕ್ಟರಿಗೆ ಎರಡು ತೆಂಗಿನಕಾಯಿ. ಬ್ಯಾಂಕಿಗೆ ಪಾಸ್‌ಬುಕ್ ತುಂಬಿಸಲು ಹೋದರೆ ಕ್ಯಾಷಿಯರಮ್ಮನಿಗೆ ಒಂದು ಕಂತೆ ಕರಿಬೇವು. ಒಮ್ಮೆ ಸೈಕಲ್ ಕಳುವಾಯಿತು. ದೂರು ಕೊಡಲು ಪೊಲೀಸ್ ಸ್ಟೇಷನ್ನಿಗೂ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡೇ ಹೋಗಿದ್ದರು. ಹಣ್ಣು ಖರ್ಚಾಯಿತು, ಸೈಕಲ್ ಸಿಗಲಿಲ್ಲ.

ಲಂಚ ಎಂದು ಯಾರೂ ತಿಳಿಯಬಾರದು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹುಡುಗ, ಮಠದ ಹಾಸ್ಟೆಲಿನಲ್ಲಿ ಉಂಡು ಓದಿದವರು. ಅಲ್ಲಿ ಅವರು ಮೂರು ವಿಷಯ ಕಲಿತರಂತೆ. ಪಕ್ಕದವನಿಗೆ ಬಡಿಸದೆ ತಾನು ಉಣ್ಣಬಾರದು. ದೊಡ್ಡವರ ಮುಂದೆ ಬರಿಗೈಯಲ್ಲಿ ನಿಲ್ಲಬಾರದು. ಮೂರನೆಯದು ಗೋಲ್‌ಕೀಪಿಂಗ್. ಬರಿಗಾಲು, ಎರಡು ಕಲ್ಲಿನ ನಡುವೆ ಗೋಲು, ನಡುವೆ ಚಡ್ಡಿಯ ರುದ್ರಯ್ಯ. ಹೊಡೆಯುವವನ ಮುಖ ನೋಡಬಾರದು, ಸೊಂಟ ನೋಡಬೇಕು, ಆಗ ಚೆಂಡು ಯಾವ ಕಡೆ ಬರುತ್ತದೆಂದು ತಿಳಿಯುತ್ತದೆ ಎಂದು ಅರವತ್ತೆರಡನೇ ವಯಸ್ಸಿನಲ್ಲೂ ಎದ್ದು ನಿಂತು, ಮೊಣಕಾಲು ಬಾಗಿಸಿ ತೋರಿಸುತ್ತಿದ್ದರು. ಆಮೇಲೆ ಸೊಂಟ ಹಿಡಿದುಕೊಂಡು ಕೂರುತ್ತಿದ್ದರು.

ಮೂವತ್ತೈದು ವರ್ಷ ಲೈನ್‌ಮನ್ ಕೆಲಸ ಮಾಡಿ, ಕಂಬ ಹತ್ತಿ ಇಳಿದು, ರಿಟೈರಾಗಿ ತುಮಕೂರಿನ ಸದಾಶಿವನಗರದಲ್ಲಿ ಪುಟ್ಟದೊಂದು ಮನೆ ಕಟ್ಟಿಕೊಂಡವರು ಅವರು. ನಾನು ಜಯಪ್ರಕಾಶ್. ಗೂಳೂರಿನವನು, ತುಮಕೂರಿನ ಮಿನಿ ವಿಧಾನಸೌಧದ ಎದುರು ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ನನ್ನದು ಸಿಡುಕಿನ ಬಾಯಿ ಎಂದು ಹೆಂಡತಿಯೂ ಹೇಳುತ್ತಾಳೆ, ಗಿರಾಕಿಗಳೂ ಹೇಳುತ್ತಾರೆ. ಇರಲಿ. ಈ ಕಥೆಯಲ್ಲಿ ನಾನು ಬಾಯಿ ಬಿಡಬೇಕಾದ ಕಡೆ ಬಿಡಲಿಲ್ಲ, ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದ ಹಿಂದೆ ಬೆಂಗಳೂರಿನಲ್ಲಿ ಗಂಡಭೇರುಂಡ ಫುಟ್‌ಬಾಲ್ ಕ್ಲಬ್ ಶುರುವಾಯಿತು. ನೇರಳೆ ಬಣ್ಣದ ಜೆರ್ಸಿ. ಆಗ ಸ್ಟೇಡಿಯಮ್ಮಿಗೆ ಜನ ಬರುತ್ತಿರಲಿಲ್ಲ. ಕ್ಲಬ್ಬಿನವರು ತುಮಕೂರಿಗೇ ಬಂದು, ಕಾಲೇಜು ಮೈದಾನದ ಪಕ್ಕ ಶಾಮಿಯಾನ ಹಾಕಿ, ಸೀಸನ್ ಟಿಕೆಟ್ ತಗೊಳ್ಳಿ ಎಂದು ಗೋಗರೆದಿದ್ದರು. ಒಂದೇ ಸಲ ದುಡ್ಡು ಕಟ್ಟಿದರೆ ವರ್ಷದ ಎಲ್ಲ ಮ್ಯಾಚಿಗೂ ಅದೇ ಕುರ್ಚಿ. ಮೊದಲು ಹೆಸರು ಬರೆಸಿದವರು ರುದ್ರಯ್ಯನವರು. ಪೂರ್ವ ಗ್ಯಾಲರಿಯ ಕೆಳಗಿನ ಅಂತಸ್ತು, ಎಚ್ ಸಾಲು, ಹದಿನಾಲ್ಕನೇ ಕುರ್ಚಿ. ಗೋಲಿನ ಬದಿಗೇ ಇದ್ದ ಜಾಗ. ಕೀಪರ್ ಹೆಜ್ಜೆ ಬದಲಿಸುವುದು ಕಾಣುತ್ತಿತ್ತು, ಅವನು ತನ್ನವರನ್ನು ಬೈಯುವುದೂ ಕೇಳುತ್ತಿತ್ತು. ಹದಿನೈದನೇ ಕುರ್ಚಿ ನನ್ನದು. ಹದಿನಾರು ಕುಣಿಗಲ್ಲಿನ ಭೀಮರಾಜನದು. ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯವನು, ನಮ್ಮ ಗ್ಯಾಲರಿಗೆಲ್ಲ ಡ್ರಮ್ ಬಾರಿಸುವವನೂ ಅವನೇ. ಹದಿನೇಳು ಸುಮನಾಳದು. ಗುಬ್ಬಿಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಮ್ಮು.

ಮ್ಯಾಚಿನ ದಿನ ರುದ್ರಯ್ಯನವರ ಹೆಂಡತಿ ಬಸವಲಿಂಗಮ್ಮ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಡುತ್ತಿದ್ದರು. ಬುತ್ತಿ ನಮ್ಮ ನಾಲ್ವರಿಗಲ್ಲ, ಇಡೀ ಎಚ್ ಸಾಲಿಗೆ. ಇಂಟರ್‌ವೆಲ್ಲಿನಲ್ಲಿ ರುದ್ರಯ್ಯನವರು ಸಾಲಿನ ಉದ್ದಕ್ಕೂ ಬಡಿಸಿಕೊಂಡು ಹೋಗಿ, ಕೊನೆಗೆ ಮುರಿದದ್ದು ಚೂರುಪಾರು ತಾವು ತಿನ್ನುತ್ತಿದ್ದರು. ಎಲ್ಲಿಂದಲೋ ಬಂದ ಕಾಲೇಜು ಹುಡುಗರು, ಸಾಫ್ಟ್‌ವೇರಿನವರು, ಶಿವಾಜಿನಗರದ ಹಳೇ ಆಟಗಾರರು, ಎಲ್ಲರಿಗೂ ಅವರು ರುದ್ರಣ್ಣ.

ಮೊದಲ ಎರಡು ವರ್ಷ ಕ್ಲಬ್ಬಿನವರು ನಮ್ಮನ್ನು ಬೀಗರ ಹಾಗೆ ನೋಡಿಕೊಂಡರು. ಕುರ್ಚಿಯ ಮೇಲೆ ಹೆಸರು ಅಂಟಿಸಿದರು. ಆಟಗಾರರು ಬೇಲಿಯ ತನಕ ಬಂದು ಕೈಕುಲುಕಿ ಹೋಗುತ್ತಿದ್ದರು. ಆಮೇಲೆ ಜನ ತುಂಬಿದರು, ಟೀವಿ ಬಂತು, ನಾವು ಹಳಬರಾದೆವು. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು. ಮೊದಲು ಬುತ್ತಿ ನಿಂತಿತು, ಹೊರಗಿನ ಊಟ ತರಬಾರದಂತೆ. ಡಬ್ಬಿಯನ್ನು ಗೇಟಿನಲ್ಲೇ ಕಸದ ಬುಟ್ಟಿಗೆ ಹಾಕಿಸಿದರು. ಅನ್ನ ಚೆಲ್ಲಿಸಿದರಲ್ಲ ಎಂದು ಬಸವಲಿಂಗಮ್ಮ ಮೂರು ದಿನ ಗೊಣಗಿದರು. ಆಮೇಲೆ ಭಾನುವಾರ ಸಂಜೆಯ ಮ್ಯಾಚು ಬುಧವಾರ ರಾತ್ರಿಗೆ ಹೋಯಿತು, ನಮ್ಮ ರೈಲು ತಪ್ಪತೊಡಗಿತು. ಕಾರ್ಡು ಹೋಗಿ ಆ್ಯಪ್ ಬಂತು. ರುದ್ರಯ್ಯನವರ ಫೋನಿನಲ್ಲಿ ಅದು ತೆರೆಯುತ್ತಿರಲಿಲ್ಲ. ಪ್ರತಿ ಸಲ ಗೇಟಿನಲ್ಲಿ ನಿಂತು, ಇಪ್ಪತ್ತು ವರ್ಷದ ಸೆಕ್ಯುರಿಟಿಯವನಿಗೆ ತಾನು ತಾನೇ ಎಂದು ಸಾಬೀತು ಮಾಡಬೇಕಾಗುತ್ತಿತ್ತು. ಅವನಿಗೂ ಒಂದು ಸೀಬೆಹಣ್ಣು ಕೊಡುತ್ತಿದ್ದರು.

ಪ್ರತಿ ವರ್ಷ ಇನ್ನು ಸಾಕು ಅನ್ನುತ್ತಿದ್ದೆವು, ಪ್ರತಿ ವರ್ಷ ದುಡ್ಡು ಕಟ್ಟುತ್ತಿದ್ದೆವು. ನಮ್ಮ ಮರ್ಯಾದೆಯ ಮಟ್ಟ ಕ್ಲಬ್ಬಿನವರಿಗೆ ಚೆನ್ನಾಗಿ ಗೊತ್ತಿತ್ತು.

ಈ ವರ್ಷ ಜೂನ್ ತಿಂಗಳಲ್ಲಿ ಒಂದು ಮೇಲ್ ಬಂತು. ನನ್ನ ಅಂಗಡಿಯಲ್ಲೇ ಪ್ರಿಂಟ್ ತೆಗೆದು ಓದಿದೆವು. ‘ನಮ್ಮ ಕುಟುಂಬದ ಪ್ರೀತಿಯ ಸದಸ್ಯರೇ’ ಎಂದು ಶುರು. ಅಷ್ಟು ಪ್ರೀತಿ ತೋರಿಸಿದಾಗಲೇ ನನಗೆ ಅನುಮಾನ ಬಂತು. ಪೂರ್ವ ಗ್ಯಾಲರಿಯ ಕೆಳ ಅಂತಸ್ತನ್ನು ಕಂಪನಿಗಳ ಅತಿಥಿಗಳಿಗೆ ಲೌಂಜ್ ಮಾಡುತ್ತಾರಂತೆ. ಸೋಫಾ, ಊಟ, ಏಸಿ ಕೋಣೆ. ಹಳೇ ಸದಸ್ಯರಿಗೆ ಎದುರುಗಡೆ ವಾಯವ್ಯ ಮೂಲೆಯ ಮೇಲಿನ ಅಂತಸ್ತು. ಅಲ್ಲಿ ಕುರ್ಚಿಗೆ ನಂಬರಿಲ್ಲ, ಸಿಕ್ಕಲ್ಲಿ ಕೂರಬೇಕು. ರೇಟು ಹೋದ ವರ್ಷಕ್ಕಿಂತ ಜಾಸ್ತಿ.

ರುದ್ರಯ್ಯನವರು ಹಾಳೆಯನ್ನು ಎರಡು ಸಲ ಓದಿಸಿಕೊಂಡರು. “ಆ ಮೂಲೇಲಿ ಚಾವಣಿ ಕಂಬ ಬತ್ತದೆ ಕಣಪ್ಪ. ಒಂದು ಗೋಲು ಕಾಣಾಕಿಲ್ಲ.”

“ಕಾಣದಿದ್ರೆ ಮೊಬೈಲಲ್ಲಿ ನೋಡ್ಕೊಳ್ಳಿ ಅಂತಾರೆ,” ಎಂದೆ.

“ಕೀಪರ್ ಕಾಣದೇ ಇದ್ರೆ ನಾನು ಅಲ್ಲಿಗೋಗಿ ಏನು ನೋಡ್ಲಿ?”

ಅವರು ಹೆಚ್ಚು ಮಾತಿನವರಲ್ಲ. ಆ ಪ್ರಶ್ನೆಯನ್ನು ಮಾತ್ರ ಆ ವಾರ ನಾಲ್ಕೈದು ಸಲ ಕೇಳಿದರು.

ಭೀಮರಾಜ ಕುಣಿಗಲ್ಲಿನಲ್ಲಿ ಕೂತು ಕುದ್ದುಹೋದ. ಪೂರ್ವ ಗ್ಯಾಲರಿಯ ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನ ಇದ್ದೆವು. ಯಾರೂ ಟಿಕೆಟ್ ಹೊಸದು ಮಾಡಿಸಬಾರದು, ನಮ್ಮ ಕುರ್ಚಿ ನಮಗೆ ಕೊಡುವ ತನಕ ಒಬ್ಬರೂ ಒಳಗೆ ಕಾಲಿಡಬಾರದು ಎಂದು ಅವನು ಬರೆದ. ಎಲ್ಲರೂ ಒಪ್ಪಿದರು. ಮೊದಲು ಒಂದು ಮನವಿ ಕೊಡೋಣ, ಕೇಳದಿದ್ದರೆ ಮುಷ್ಕರ ಎಂದಾಯಿತು. ಹಿರಿಯರು, ಮೊದಲ ಸದಸ್ಯರು ಎಂದು ರುದ್ರಯ್ಯನವರೇ ಕೊಡಬೇಕು. ಕ್ಲಬ್ಬಿನ ಸಿಇಒ ಗುರುವಾರ ಹನ್ನೊಂದು ಗಂಟೆಗೆ ಟೈಮ್ ಕೊಟ್ಟ. ಭೀಮರಾಜನಿಗೆ ಅವತ್ತು ಕಲ್ಯಾಣಮಂಟಪದ ಗೇಟು ಕೂರಿಸುವುದಿತ್ತು, ಸುಮನಾಗೆ ಶಾಲೆಯ ಇನ್‌ಸ್ಪೆಕ್ಷನ್ನು. ನಾನು ಜೊತೆಗೆ ಹೊರಟೆ.

ಮನವಿ ಟೈಪು ಮಾಡಿದವನು ನಾನೇ. ಆರು ಬೇಡಿಕೆ, ಒಂದಕ್ಕಿಂತ ಒಂದು ಖಾರ. ಆದರೆ ನನ್ನ ಅಂಗಡಿಯ ಮುಖ್ಯ ವ್ಯಾಪಾರ ಸನ್ಮಾನ ಪತ್ರದ್ದು. ರಿಟೈರಾಗುವ ತಹಶೀಲ್ದಾರರು, ವರ್ಗವಾಗುವ ಇನ್‌ಸ್ಪೆಕ್ಟರು, ಡೇರಿ ಅಧ್ಯಕ್ಷರು, ಯಾರಿಗೆ ಬಿನ್ನವತ್ತಳೆ ಬೇಕಾದರೂ ನನ್ನ ಹತ್ತಿರವೇ ಬರುತ್ತಾರೆ. ಸುತ್ತ ಬಂಗಾರದ ಬಳ್ಳಿಯ ಬಾರ್ಡರು, ಎರಡೂ ಬದಿಗೆ ದೀಪದ ಕಂಬ, ಮೇಲೆ ‘ಸನ್ಮಾನ್ಯರೇ’. ಬರೀ ಬಿಳಿ ಹಾಳೆಯಲ್ಲಿ ಕೊಟ್ಟರೆ ಬೆಲೆ ಇರುವುದಿಲ್ಲ ಎನಿಸಿತು. ಅದೇ ಬಾರ್ಡರಿನೊಳಗೆ ಆರು ಬೇಡಿಕೆ ಕೂರಿಸಿ, ಲ್ಯಾಮಿನೇಷನ್ ಮಾಡಿ, ಫ್ರೇಮೂ ಹಾಕಿಸಿದೆ. ಎಷ್ಟು ಚೆನ್ನಾಗಿ ಬಂದಿದೆ ಎಂದು ನಾನೇ ಎರಡು ನಿಮಿಷ ನೋಡುತ್ತ ನಿಂತಿದ್ದೆ.

ಗುರುವಾರ ಬೆಳಿಗ್ಗೆ ತುಮಕೂರು ಸ್ಟೇಷನ್ನಿನಲ್ಲಿ ರುದ್ರಯ್ಯನವರ ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಶಾಲು, ಏಲಕ್ಕಿ ಹಾರ. ಇನ್ನೊಂದರಲ್ಲಿ ಸೇಬು, ಮೂಸಂಬಿ, ಸಿ.ಎಸ್. ಪುರದ ತೋಟದ ಎರಡು ಕಾಯಿ, ಒಂದು ಹಿತ್ತಾಳೆ ತಟ್ಟೆ.

“ಏನ್ ರುದ್ರಣ್ಣ, ನಾವು ಹೋಗ್ತಿರೋದು ಜಗಳ ಆಡೋಕೆ,” ಎಂದೆ.

“ಜಗಳಾನೇ ಆಡಣ, ಅದಕ್ಕೇನು. ಆದ್ರೆ ದೊಡ್ಡೋರ ಬಾಗ್ಲಿಗೆ ಬರಿಗೈಲಿ ಹೋಗದಾ? ಮೊದ್ಲು ಮರ್ಯಾದೆ ಮಾಡ್ಬೇಕು, ಆಮೇಲೆ ಮಾತು. ಆಗ ಅವ್ರಿಗೂ ಇಲ್ಲ ಅನ್ನಕ್ಕೆ ಮುಖ ಬರಾಕಿಲ್ಲ.”

ನಾನು ಬೇಡ ಎನ್ನಲಿಲ್ಲ. ಆ ಮಾತು ನನಗೂ ಸರಿ ಎನಿಸಿತು, ಸತ್ಯ ಹೇಳುತ್ತೇನೆ. ಎಮ್ಮೆಲ್ಲೆ ಮನೆಗೆ ರಸ್ತೆ ಕೇಳಲು ಹೋಗುವಾಗಲೂ ನಾವು ಹಾರ ತಗೊಂಡೇ ಹೋಗುವವರು. ಭೀಮರಾಜ ಬಂದಿದ್ದರೂ ಹಾರ ಹಿಡಿಯುತ್ತಿದ್ದ, ಸುಮನಾ ಬಂದಿದ್ದರೂ ತಟ್ಟೆ ಹಿಡಿಯುತ್ತಿದ್ದಳು.

ಸಿಇಒ ಮೂವತ್ತೈದರ ಹುಡುಗ. ಗಾಜಿನ ಕೋಣೆ, ಬಿಳಿ ಬೂಟು. ನಮ್ಮನ್ನು ಅರ್ಧ ಗಂಟೆ ಕಾಯಿಸಿ ಒಳಗೆ ಕರೆದ. ರುದ್ರಯ್ಯನವರು ಚಪ್ಪಲಿ ಬಾಗಿಲಲ್ಲೇ ಬಿಟ್ಟರು. ಶಾಲು ಹೊದಿಸಿದರು, ಹಾರ ಹಾಕಿದರು. ನಾನು ಹಣ್ಣಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅವನಿಗೆ ಖುಷಿಯೋ ಖುಷಿ. “ಸೋ ಸ್ವೀಟ್ ಅಂಕಲ್” ಎಂದು, ಹೊರಗಿನಿಂದ ಫೋಟೋದವನನ್ನು ಕರೆಸಿದ. ರುದ್ರಯ್ಯನವರು ಫ್ರೇಮು ಕೊಡುವಾಗ ಅದನ್ನು ಕ್ಯಾಮೆರಾದ ಕಡೆ ತಿರುಗಿಸಿ ಇಬ್ಬರೂ ಹಿಡಿದುಕೊಂಡು ನಿಂತರು. ನಾಲ್ಕೈದು ಸಲ ಫ್ಲ್ಯಾಶ್ ಮಿಂಚಿತು.

ಆಮೇಲೆ ರುದ್ರಯ್ಯನವರು ಮಾತು ಶುರು ಮಾಡಿದರು. “ಸಾರ್, ಹನ್ನೊಂದು ವರ್ಷದಿಂದ ಒಂದೇ ಕುರ್ಚೀಲಿ ಕೂತಿದೀವಿ. ಅಲ್ಲಿಂದ ಕೀಪರ್ ಕಾಲು ಕಾಣ್ತದೆ. ಮೂಲೇಲಿ ಕಂಬ ಅಡ್ಡ...” ಅಷ್ಟರಲ್ಲಿ ಅವನ ಫೋನು ಬಂತು. ಎದ್ದು ಕೈಮುಗಿದು, “ಖಂಡಿತ ನೋಡ್ತೀವಿ ಅಂಕಲ್” ಎಂದ. ಒಟ್ಟು ಆರು ನಿಮಿಷ. ಫ್ರೇಮನ್ನು ಅವನು ಗೋಡೆಗೆ ಒರಗಿಸಿ ಇಟ್ಟದ್ದನ್ನು ನೋಡಿದೆ, ಓದಿದ್ದನ್ನು ನೋಡಲಿಲ್ಲ.

“ನೋಡ್ತೀನಿ ಅಂದವ್ರೆ,” ಎಂದು ರುದ್ರಯ್ಯನವರು ರೈಲಿನಲ್ಲಿ ಸಮಾಧಾನ ಮಾಡಿಕೊಂಡರು.

ಶುಕ್ರವಾರ ಬೆಳಿಗ್ಗೆ ಕ್ಲಬ್ಬಿನ ಪೇಜಿನಲ್ಲಿ ಫೋಟೋ ಬಂದಿತ್ತು. ‘ಹೊಸ ಸದಸ್ಯತ್ವ ಯೋಜನೆಯನ್ನು ಸ್ವಾಗತಿಸಿ ನಮ್ಮ ಸಿಇಒ ಅವರನ್ನು ಸನ್ಮಾನಿಸಿದ ಹಿರಿಯ ಅಭಿಮಾನಿ ಶ್ರೀ ರುದ್ರಯ್ಯ.’ ಶಾಲು ಇತ್ತು, ಹಾರ ಇತ್ತು. ಫ್ರೇಮಿನಲ್ಲಿ ಅಕ್ಷರ ಕಾಣುತ್ತಿರಲಿಲ್ಲ. ಬಂಗಾರದ ಬಳ್ಳಿ, ದೀಪದ ಕಂಬ ಮಾತ್ರ ನಿಚ್ಚಳವಾಗಿ ಕಾಣುತ್ತಿದ್ದವು. ನೋಡಿದವರು ಯಾರೇ ಆದರೂ ಸನ್ಮಾನ ಪತ್ರ ಎನ್ನಬೇಕು. ಬದಿಯಲ್ಲಿ ಹಣ್ಣಿನ ತಟ್ಟೆ ಹಿಡಿದ ಎರಡು ಕೈ ಇದ್ದವು. ಆ ಕೈಯವನ ತಲೆ ಫೋಟೋದಲ್ಲಿ ಬಂದಿರಲಿಲ್ಲ.

ಗುಂಪಿನಲ್ಲಿ ಬೆಂಕಿ ಬಿತ್ತು. ‘ರುದ್ರಣ್ಣ ಎಷ್ಟಕ್ಕೆ ಮಾರ್ಕೊಂಡ್ರು’ ಎಂದು ಒಬ್ಬ. ಬುತ್ತಿ ನಿಲ್ಲುವ ತನಕ ಅವರ ಕೈಯಿಂದ ರೊಟ್ಟಿ ತಿಂದವನೇ ‘ಶಾಲು ಗಿರಾಕಿ’ ಎಂದು ಹೆಸರಿಟ್ಟ. ರುದ್ರಯ್ಯನವರಿಗೆ ಫೋನಿನಲ್ಲಿ ಕನ್ನಡ ಬರೆಯಲು ಬಾರದು. ಧ್ವನಿ ಸಂದೇಶ ಕಳಿಸಲು ನೋಡಿ, ಬರೀ ಉಸಿರಾಟ, ಹಿಂದೆ ಬಸವಲಿಂಗಮ್ಮನ ಕುಕ್ಕರಿನ ಸೀಟಿ, ಇಷ್ಟು ಕಳಿಸಿದರು. ಅದಕ್ಕೆ ಜನ ನಕ್ಕರು.

ಭೀಮರಾಜ ನನಗೆ ಫೋನು ಮಾಡಿದ. “ನೀನೂ ಹೋಗಿದ್ಯಲ್ಲಣ್ಣ. ಏನ್ ನಡೀತು ಒಳಗೆ?”

ನಾನು ಆಗ ಹೇಳಬೇಕಿತ್ತು. ಶಾಲು ಅವರದ್ದು, ಆದರೆ ಮನವಿಯನ್ನು ಸನ್ಮಾನ ಪತ್ರ ಮಾಡಿದವನು ನಾನು, ತಟ್ಟೆ ಹಿಡಿದ ಕೈ ನನ್ನದು ಎಂದು. ಭೀಮರಾಜನ ಧ್ವನಿ ಕೇಳಿಯೇ ನನಗೆ ದಿಗಿಲು ಹಿಡಿಯಿತು. ನಾಳೆ ನನ್ನ ಹೆಸರೂ ಗುಂಪಿನಲ್ಲಿ ಬಂದರೆ, ಅಂಗಡಿ ಮುಂದೆ ಹುಡುಗರು ಶಾಲು ಎಂದು ಕೂಗಿದರೆ ಎಂದು ಹೆದರಿದೆ.

“ನನ್ನ ಒಳಗೆ ಬಿಡಲಿಲ್ಲ ಕಣೋ. ಒಬ್ಬರೇ ಅಂದ್ರು. ಹೊರಗೆ ಕೂತಿದ್ದೆ,” ಎಂದೆ.

ಭೀಮರಾಜ ಅದನ್ನೇ ಗುಂಪಿನಲ್ಲಿ ಬರೆದ. ‘ಜಯಪ್ರಕಾಶಣ್ಣ ಒಳಗೆ ಹೋಗಿರಲಿಲ್ಲ. ರುದ್ರಯ್ಯ ಒಬ್ಬರದೇ ಕೆಲಸ.’ ರುದ್ರಯ್ಯನವರು ಬರೆಯಲಾರರು, ಆದರೆ ಓದಬಲ್ಲರು. ಓದಿದ್ದಾರೆ ಎಂದು ಭೀಮರಾಜನ ಫೋನಿನಲ್ಲಿ ನೀಲಿ ಗೆರೆ ತೋರಿಸಿತಂತೆ. ಅವರು ನನಗೆ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ನಿಜ ಬರೆಯಲು ಎರಡು ಸಲ ಕೂತೆ, ಟೈಪು ಮಾಡಿ ಅಳಿಸಿದೆ. ದಿನಕ್ಕೆ ನೂರು ಪುಟ ಟೈಪು ಮಾಡುವವನಿಗೆ ನಾಲ್ಕು ಸಾಲು ಕಳಿಸಲು ಆಗಲಿಲ್ಲ.

ಮುಷ್ಕರ ಬಿದ್ದುಹೋಯಿತು. ಹಿರಿಯರೇ ಒಪ್ಪಿದ ಮೇಲೆ ನಮ್ಮದೇನು ಎಂದು ಒಬ್ಬರಾದ ಮೇಲೆ ಒಬ್ಬರು ಮೂಲೆಯ ಟಿಕೆಟ್ ಮಾಡಿಸಿದರು. ಕೊನೆಗೆ ಸುಮನಾ ಮಾಡಿಸಿದಳು, ಭೀಮರಾಜ ಮಾಡಿಸಿದ, ನಾನೂ ಮಾಡಿಸಿದೆ. ಬಿಟ್ಟಿರಲು ಆಗುವುದಿಲ್ಲ. ಈ ಚಟಕ್ಕೆ ಔಷಧಿ ಇದ್ದಿದ್ದರೆ ಎಂದೋ ಕುಡಿಯುತ್ತಿದ್ದೆವು. ಟಿಕೆಟ್ ಮಾಡಿಸಿದವರೆಲ್ಲರೂ ತಪ್ಪನ್ನು ಮಾತ್ರ ರುದ್ರಯ್ಯನವರ ತಲೆಗೆ ಕಟ್ಟಿದರು, ಅದು ಸುಲಭವಾಗಿತ್ತು.

ಆಗಸ್ಟಿನಲ್ಲಿ ಅವರ ಮನೆಗೆ ಕೊರಿಯರ್ ಬಂತಂತೆ. ದಪ್ಪ ಲಕೋಟೆ, ಒಳಗೆ ನೇರಳೆ ಕಾರ್ಡು. ಲೌಂಜಿನಲ್ಲಿ ಎಚ್ ಸಾಲು, ಹದಿನಾಲ್ಕನೇ ಸೀಟು, ಇಡೀ ವರ್ಷ ಪುಕ್ಕಟೆ, ಕ್ಲಬ್ಬಿನ ಪ್ರೀತಿಯ ಕಾಣಿಕೆ. ತಮ್ಮ ಕುರ್ಚಿ ತಮಗೇ, ಗೋಲಿನ ಬದಿಗೇ, ಕೀಪರ್ ಕಾಲು ಕಾಣುವ ಜಾಗ. ಒಂದೇ ಕಾರ್ಡು.

ಇದು ನನಗೆ ಗೊತ್ತಾದದ್ದು ಬಸವಲಿಂಗಮ್ಮನಿಂದ. ಒಂದು ಸೋಮವಾರ ಬೆಳಿಗ್ಗೆ ಅವರು ಬಿಸಿಲಲ್ಲಿ ನಡೆದು ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ನಾಲ್ಕು ತೆಂಗಿನಕಾಯಿ.

“ನಮ್ಮೋರು ಬೆಂಗ್ಳೂರಿಗೆ ಹೋದ್ರು ಕಣಪ್ಪ, ಕ್ಲಬ್ಬಿನಾಪೀಸಿಗೆ. ಕಾಯಿ ಚೀಲ ಜಗಲಿ ಮೇಲೆ ಮಡಗಿದ್ದೆ, ಮರ್ತು ಹೋಗವ್ರೆ. ನಿಮಗೆ ಗೊತ್ತಿರೋರು ಯಾರಾದ್ರೂ ಆ ಕಡೆ ಹೋಗೋರಿದ್ರೆ ಕೊಟ್ಟು ಕಳ್ಸಿ.”

“ಯಾಕೆ ಹೋದ್ರು?”

“ಅದೇನೋ ಕಾರ್ಡ್ ಕಳ್ಸಿದ್ರು, ವಾಪಸ್ ಕೊಟ್ ಬತ್ತೀನಿ ಅಂದ್ರು. ನಾನಂದೆ, ನಿಮ್ ಸೀಟೇ ಕೊಟ್ಟವ್ರಲ್ಲ, ಕೂತ್ಕಳಿ ಅಂತ. ‘ಎದುರ್ಗಡೆ ಅವ್ರೆಲ್ಲ ಕಂಬದ ಹಿಂದೆ ಕೂತಿರ್ತಾರೆ, ನಾನು ಸೋಪಾದ್ ಮೇಲೆ ಕೂತ್ಕಂಡು ಅವ್ರ ಮಕ ನೋಡ್ಲಾ’ ಅಂದ್ರು.” ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. “ವಯಸ್ಸಾಯ್ತು, ಮರೆವು. ಮದುವೆಯಾದಾಗಿಂದ ಒಂದ್ ಸಲಾನೂ ಮರ್ತೋರಲ್ಲ ಚೀಲಾನ.”

ಅವರು ಮರೆತಿರಲಿಲ್ಲ. ಅದು ನನಗೆ ಆಗಲೇ ತಿಳಿಯಿತು. ಆಕೆಗೆ ಹೇಳಲಿಲ್ಲ. ಚೀಲ ಇಲ್ಲೇ ಇರಲಿ ಎಂದೆ. ಆಕೆ ಹೋದ ಮೇಲೆ ಅಂಗಡಿಯ ಮೂಲೆಯಲ್ಲಿದ್ದ ಆ ನಾಲ್ಕು ಕಾಯಿ ನೋಡಿಕೊಂಡು ಕೂತೆ. ಅವತ್ತು ಬಂದ ಗಿರಾಕಿಗಳ ಮೇಲೆಲ್ಲ ರೇಗಿದೆ. ಒಬ್ಬರು ಬಿನ್ನವತ್ತಳೆ ಬೇಕೆಂದು ಬಂದಿದ್ದರು, ಮಷೀನು ಕೆಟ್ಟಿದೆ ಎಂದು ಕಳಿಸಿದೆ.

ಸಂಜೆ ಸ್ಟೇಷನ್ನಿಗೆ ಹೋದೆ. ರುದ್ರಯ್ಯನವರು ರೈಲಿಳಿದು ಬಂದರು. ಎರಡೂ ಕೈ ಖಾಲಿ. ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಿದ್ದರು.

“ಕೊಟ್ರಾ ರುದ್ರಣ್ಣ?”

“ಕೊಟ್ಟೆ. ಸಾಹೇಬ್ರು ಸಿಗಲಿಲ್ಲ. ಬಾಗ್ಲಲ್ಲಿ ಕೂತಿರೋ ಹುಡ್ಗಿ ಈಸ್ಕಂಡು ಡ್ರಾಯರ್ಗೆ ಹಾಕ್ತು. ಥ್ಯಾಂಕ್ಯೂ ಅಂತು.”

“ಏನೂ ಕೇಳಲಿಲ್ವಾ?”

“ಏನ್ ಕೇಳ್ತಾರೆ.” ಸ್ವಲ್ಪ ದೂರ ನಡೆದ ಮೇಲೆ, “ಬರಿಗೈಲಿ ಹೋಗಿದ್ದೆ ಕಣಪ್ಪ. ಅವ್ರಿಗೆ ಗೊತ್ತೇ ಆಗ್ಲಿಲ್ಲ,” ಎಂದರು.

ಅವರ ಮಟ್ಟಿಗೆ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಅದನ್ನು ಬೈಗುಳ ಎಂದು ತಿಳಿಯುವವರು ಆ ಗಾಜಿನ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಅಲ್ಲೇ ನಾನು ಕ್ಷಮೆ ಕೇಳಬೇಕು ಅಂದುಕೊಂಡೆ. ಟೌನ್‌ಹಾಲ್ ಸರ್ಕಲ್ ತನಕ ಅದನ್ನೇ ಅಂದುಕೊಳ್ಳುತ್ತ ನಡೆದೆ. ಅಲ್ಲಿ ಸಿಟಿ ಬಸ್ಸು ಬಂತು, ಅವರು ಹತ್ತಿಕೊಂಡರು.

ಮೊದಲ ಮ್ಯಾಚು ಸೆಪ್ಟೆಂಬರಿನ ಒಂದು ಶನಿವಾರ ಸಂಜೆ. ಮೂಲೆಯ ಮೇಲಿನ ಅಂತಸ್ತಿಗೆ ಎಪ್ಪತ್ತೆರಡು ಮೆಟ್ಟಿಲು. ಕಂಬ ಸರಿಯಾಗಿ ನಮ್ಮ ಮತ್ತು ಉತ್ತರದ ಗೋಲಿನ ನಡುವೆ ನಿಂತಿತ್ತು, ಅಲ್ಲಿ ಗೋಲು ಇದೆ ಎನ್ನುವುದನ್ನು ನಂಬಿಕೆಯಿಂದ ಒಪ್ಪಿಕೊಳ್ಳಬೇಕಿತ್ತು. ಒಳ್ಳೆಯ ಜಾಗ ಹುಡುಕಿ ನಾನು ನಾಲ್ಕು ಕಡೆ ಕೂತು ಎದ್ದೆ. ಎಲ್ಲೂ ಕಾಣಲಿಲ್ಲ. ಸಾಲಿನ ತುದಿಯಲ್ಲಿ ಭೀಮರಾಜ ಕೂತ, ಆಮೇಲೆ ಸುಮನಾ, ಆಮೇಲೆ ನಾನು. ಡ್ರಮ್ಮನ್ನು ಗೇಟಿನಲ್ಲೇ ಇರಿಸಿಕೊಂಡಿದ್ದರು, ಹೊಸ ರೂಲು. ಭೀಮರಾಜ ಕೈಗೆ ಕೆಲಸವಿಲ್ಲದೆ ತೊಡೆ ಬಡಿಯುತ್ತಿದ್ದ.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ರುದ್ರಯ್ಯನವರು ಮೆಟ್ಟಿಲು ಹತ್ತಿಕೊಂಡು ಬಂದರು. ಅವರ ಹತ್ತಿರ ಸೀಸನ್ ಟಿಕೆಟ್ ಇರಲಿಲ್ಲ. ಅವತ್ತಿನ ಮಟ್ಟಿಗೆ ಕೌಂಟರಿನಲ್ಲಿ ಟಿಕೆಟ್ ತಗೊಂಡಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೊಸಬರ ಸಾಲಿನಲ್ಲಿ ನಿಂತು ಬಂದಿದ್ದರು. ನಮ್ಮನ್ನು ನೋಡಿ ಒಂದು ಸಲ ನಿಂತರು. ಸುಮನಾ “ಬನ್ನಿ ಅಂಕಲ್” ಎಂದಳು. ಭೀಮರಾಜ ಮೈದಾನದ ಕಡೆಯಿಂದ ಮುಖ ತಿರುಗಿಸಲಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಶಾಲು ಎಂದರು, ಒಂದಿಬ್ಬರು ನಕ್ಕರು. ರುದ್ರಯ್ಯನವರು ನನ್ನ ಪಕ್ಕ, ಎಲ್ಲರಿಗಿಂತ ಈಚೆ ಕೂತರು. ಅಲ್ಲಿಗೆ ಕಂಬದ ಜೊತೆ ಒಂದು ತಗಡಿನ ಬೋರ್ಡೂ ಅಡ್ಡ ಬರುತ್ತಿತ್ತು.

ಎದುರುಗಡೆ ಮಾತ್ರ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಪೂರ್ವ ಗ್ಯಾಲರಿಯ ಕೆಳ ಅಂತಸ್ತಿನಲ್ಲಿ ಹೊಸ ಸೋಫಾಗಳು ಸಾಲಾಗಿ ಇದ್ದವು. ಕೂತವರು ಅಲ್ಲೊಬ್ಬರು ಇಲ್ಲೊಬ್ಬರು. ಅತಿಥಿಗಳೆಲ್ಲ ಒಳಗೆ ಊಟದ ಕೋಣೆಯಲ್ಲಿದ್ದರೇನೋ. ಎಚ್ ಸಾಲಿನಲ್ಲಿ ಹದಿನಾಲ್ಕರಿಂದ ಹದಿನೇಳರ ತನಕ ನಾಲ್ಕೂ ಖಾಲಿ ಇದ್ದವು. ನಾವು ನಾಲ್ವರೂ ಅದನ್ನೇ ನೋಡುತ್ತಿದ್ದೆವು.

ಇಂಟರ್‌ವೆಲ್ಲಾಯಿತು. ಬಡಿಸಲು ಬುತ್ತಿ ಇರಲಿಲ್ಲ. ಆದರೂ ಅಭ್ಯಾಸಬಲಕ್ಕೆ ರುದ್ರಯ್ಯನವರು ಎದ್ದು ನಿಂತರು, ಕೈ ನೋಡಿಕೊಂಡು ಮತ್ತೆ ಕೂತರು. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ.

“ಭೀಮ, ಇಲ್ಲಿ ಕೇಳು. ನಾನವತ್ತು ಹೊರಗೆ ಕೂತಿರಲಿಲ್ಲ. ಒಳಗೇ ಇದ್ದೆ. ಫೋಟೋದಲ್ಲಿ ತಟ್ಟೆ ಹಿಡಿದಿರೋ ಕೈ ನಂದು. ಮನವಿಗೆ ಸನ್ಮಾನದ ಬಾರ್ಡರ್ ಹಾಕಿದ್ದೂ ನಾನೇ. ನಿಂಗೆ ಸುಳ್ಳು ಹೇಳ್ದೆ.” ರುದ್ರಯ್ಯನವರ ಕಡೆ ಕೈ ತೋರಿಸಿದೆ. “ಇವ್ರಿಗೆ ಲೌಂಜಲ್ಲಿ ಪುಕ್ಕಟೆ ಸೀಟು ಕಳ್ಸಿದ್ರು. ಅದೇ ಹದಿನಾಲ್ಕು. ವಾಪಸ್ ಕೊಟ್ಟು ಬಂದವ್ರೆ.”

ಭೀಮರಾಜ ಫೋನು ತೆಗೆದು ಆ ಫೋಟೋ ಹುಡುಕಿದ. ಎರಡು ಬೆರಳಿನಿಂದ ದೊಡ್ಡದು ಮಾಡಿದ. ತಟ್ಟೆಯ ಅಂಚು ಹಿಡಿದ ಹೆಬ್ಬೆರಳಿನ ಮೇಲೆ ಜೆರಾಕ್ಸ್ ಟೋನರಿನ ಕಪ್ಪು ಕಲೆ ಇತ್ತು. ನನ್ನ ಹೆಬ್ಬೆರಳು ನೋಡಿದ. ಫೋನು ಜೇಬಿಗೆ ಹಾಕಿಕೊಂಡು ರುದ್ರಯ್ಯನವರ ಕಡೆ ತಿರುಗಿದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

“ನಿಮಗೆ ಗೊತ್ತಿತ್ತಲ್ಲ ರುದ್ರಣ್ಣ, ಇವ್ನು ಒಳಗಿದ್ದ ಅಂತ. ಯಾಕೆ ಹೇಳಲಿಲ್ಲ?” ಎಂದು ಕೇಳಿದ.

“ಹೇಳಿದ್ರೆ ಇಬ್ರಿಗೂ ಬೈಯ್ಯೋರು. ಒಬ್ಬನಿಗೆ ಬಿದ್ದಿತ್ತಲ್ಲ, ಸಾಕು ಅನ್ಕಂಡೆ.” ಆಮೇಲೆ ನನ್ನ ಕಡೆ ತಿರುಗಿ, “ಬಾರ್ಡರ್ ಚೆನ್ನಾಗಿತ್ತು ಬುಡು,” ಎಂದರು.

ಸುಮನಾ ನಕ್ಕಳು, ಕಣ್ಣೂ ಒರೆಸಿಕೊಂಡಳು. ನನಗೆ ಎರಡೂ ಆಗಲಿಲ್ಲ. ಕ್ಷಮೆ ಎನ್ನುವ ಪದವನ್ನು ನಾನು ಅರ್ಜಿಗಳಲ್ಲಿ ಸಾವಿರ ಸಲ ಟೈಪು ಮಾಡಿದ್ದೇನೆ, ಅವತ್ತು ಬಾಯಿಗೆ ಬರಲಿಲ್ಲ. ಸಿಡುಕು ಬಾಯಿಯ ಹಣೆಬರಹವೇ ಅಷ್ಟು, ಬೇಡದ್ದಕ್ಕೆ ತೆರೆಯುತ್ತದೆ.

ದ್ವಿತೀಯಾರ್ಧದಲ್ಲಿ ನಮ್ಮ ಕೀಪರ್ ಉತ್ತರದ ಗೋಲಿಗೆ, ಎಂದರೆ ಕಂಬದ ಹಿಂದೆ ಹೋದ. ಎಪ್ಪತ್ತನೇ ನಿಮಿಷಕ್ಕೆ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ರುದ್ರಯ್ಯನವರು ಕುರ್ಚಿಯಿಂದ ಅರ್ಧ ಎದ್ದು ಮುಂದೆ ಬಾಗಿದರು, ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಅವರ ಮೊಣಕಾಲು ತಾನಾಗಿ ಬಾಗಿತ್ತು. ಸೀಟಿ ಕೇಳಿಸಿತು. ಆಮೇಲೆ ಇಡೀ ಸ್ಟೇಡಿಯಮ್ಮು ಒಟ್ಟಿಗೆ ನಿಟ್ಟುಸಿರು ಬಿಟ್ಟಿತು. ಗೋಲಾಯಿತು, ನಮಗೆ ತಿಳಿದದ್ದು ಅಷ್ಟೇ.

“ಯಾವ ಕಡೆಗೆ ಬಿದ್ದ ಕೀಪರ್ರು?” ಎಂದು ಅವರು ಕೇಳಿದರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭೀಮರಾಜ ತುದಿಯ ಕುರ್ಚಿಯಿಂದ ಎದ್ದ. “ಇಲ್ ಬನ್ನಿ ರುದ್ರಣ್ಣ, ನೀವಿಲ್ಲಿ ಕೂತ್ಕಳಿ. ಇಲ್ಲಿಂದ ಸ್ವಲ್ಪ ಕಾಣ್ತದೆ.”

ರುದ್ರಯ್ಯನವರು ಬೇಡ ಎಂದರು. ಅವನು ಕೈ ಹಿಡಿದು ಎಬ್ಬಿಸಿದ. ನಮ್ಮ ಮೊಣಕಾಲು ದಾಟಿಕೊಂಡು ಹೋಗಿ ಅವರು ತುದಿಯಲ್ಲಿ ಕೂತರು. ಕತ್ತು ಚಾಚಿ ಉತ್ತರದ ಕಡೆ ಸ್ವಲ್ಪ ಹೊತ್ತು ನೋಡಿದರು.

“ಹ್ಞೂಂ, ಕಾಣ್ತದೆ,” ಎಂದರು.

ಆಟ ಶುರುವಾಗುವ ಮುಂಚೆ ಆ ಕುರ್ಚಿಯಲ್ಲೂ ನಾನು ಕೂತು ನೋಡಿದ್ದೆ. ಅಲ್ಲಿಂದ ಏನೂ ಕಾಣುವುದಿಲ್ಲ.